1-0 ಬೇಸ್‌ಬಾಲ್ ಪಂದ್ಯ: ರೋಚಕವೇ, ಬೇಸರವೇ?

ಪರ

1-0 ಸ್ಕೋರು ನೋಡಿ ‘ಏನೂ ನಡೆದೇ ಇಲ್ಲ’ ಅನ್ನುವವರು 1991ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ) ಏಳನೇ, ನಿರ್ಣಾಯಕ ಪಂದ್ಯವನ್ನು ಒಮ್ಮೆ ನೋಡಬೇಕು. ಮಿನಿಯಾಪೊಲಿಸ್, ಅಕ್ಟೋಬರ್ 27. ಅಲ್ಲಿನ ಟ್ವಿನ್ಸ್ ತಂಡಕ್ಕೆ 36 ವರ್ಷದ ಜ್ಯಾಕ್ ಮಾರಿಸ್ ಪಿಚರ್, ಅಂದರೆ ಚೆಂಡು ಎಸೆಯುವವನು. ಎದುರು ಅಟ್ಲಾಂಟ ಬ್ರೇವ್ಸ್‌ನ ಜಾನ್ ಸ್ಮೋಲ್ಟ್ಜ್, 24ರ ಹುಡುಗ. ಚಿಕ್ಕಂದಿನಲ್ಲಿ ಮಾರಿಸ್‌ನ ಅಭಿಮಾನಿಯಾಗಿದ್ದವನು!

ಒಂಬತ್ತು ಇನಿಂಗ್ಸ್‌ನ ಆಟದಲ್ಲಿ ಏಳು ಮುಗಿದರೂ 0-0. ಮೂರು ಬೇಸ್ ಮುಟ್ಟಿ ಹೋಮ್‌ಗೆ ಮರಳಿದರೆ ಒಂದು ರನ್. ಎಂಟರಲ್ಲಿ ಬ್ರೇವ್ಸ್‌ನ ಲಾನಿ ಸ್ಮಿತ್ ಮೊದಲ ಬೇಸ್‌ನಿಂದ ಓಡಿದ. ಅವನ ಜೊತೆಗಾರ ಪೆಂಡಲ್ಟನ್ ಹೊಡೆದ ಚೆಂಡು ದೂರದ ಗೋಡೆಯತ್ತ ಹೋಗಿತ್ತು. ಆದರೆ ಟ್ವಿನ್ಸ್‌ನ ನಾಬ್ಲಾಕ್ ಮತ್ತು ಗ್ಯಾಗ್ನಿ, ಚೆಂಡು ತಮ್ಮ ಕೈಯಲ್ಲೇ ಇದೆ ಎಂಬಂತೆ ನಟಿಸಿದರು. ಸ್ಮಿತ್ ಎರಡನೇ ಬೇಸ್ ಹತ್ತಿರ ತಡವರಿಸಿದ. ಹೋಮ್ ಮುಟ್ಟಬೇಕಾದವನು ಮೂರನೇ ಬೇಸ್‌ನಲ್ಲೇ ನಿಂತ. ಆಮೇಲೆ ಬೇಸ್‌ಗಳು ತುಂಬಿದರೂ ಬ್ರೇವ್ಸ್‌ನ ಬ್ರೀಮ್ ಹೊಡೆದ ಚೆಂಡು ಡಬಲ್ ಪ್ಲೇ ಆಯಿತು, ಒಂದೇ ಏಟಿಗೆ ಇಬ್ಬರು ಔಟ್. ರನ್ ಬರಲಿಲ್ಲ.

10-8ರ ಪಂದ್ಯದಲ್ಲಿ ಈ ಒಂದು ತಡವರಿಕೆ ಯಾರಿಗೆ ನೆನಪಿರುತ್ತದೆ ಹೇಳಿ? ಇಲ್ಲಿ ಅದೇ ಟ್ರೋಫಿಯನ್ನು ಕೈ ತಪ್ಪಿಸಿತು. ಒಂಬತ್ತು ಇನಿಂಗ್ಸ್ ಸಾಕು ಅಂತ ಮ್ಯಾನೇಜರ್ ಅಂದರೂ ಮಾರಿಸ್ ಕೇಳಲಿಲ್ಲ. ಹತ್ತನೆಯದನ್ನೂ ಎಸೆದ. ಅದೇ ಇನಿಂಗ್ಸ್‌ನಲ್ಲಿ ಟ್ವಿನ್ಸ್‌ನ ಜೀನ್ ಲಾರ್ಕಿನ್ ಹೊಡೆದ ಹಿಟ್‌ಗೆ (ಬ್ಯಾಟರ್‌ನನ್ನು ಬೇಸ್ ಮುಟ್ಟಿಸುವ ಹೊಡೆತ) ತಂಡ 1-0ಕ್ಕೆ ಗೆದ್ದಿತು.

ಇನ್ನೊಂದು ಪಂದ್ಯ 1965ರದ್ದು. ಡಾಡ್ಜರ್ಸ್‌ನ ಸ್ಯಾಂಡಿ ಕೂಫ್ಯಾಕ್ಸ್ ಎದುರು ಕಬ್ಸ್‌ನ ಒಬ್ಬನೂ ಬೇಸ್ ತಲುಪಲಿಲ್ಲ. ಕಬ್ಸ್‌ನ ಹೆಂಡ್ಲಿ ಕೊಟ್ಟಿದ್ದೂ ಒಂದೇ ಹಿಟ್. ಗೆಲುವಿನ ರನ್‌ಗೆ ಹಿಟ್ಟೇ ಬೇಕಾಗಲಿಲ್ಲ. ಒಂದು ವಾಕ್ (ಪಿಚರ್ ನಾಲ್ಕು ಚೆಂಡು ಗುರಿ ತಪ್ಪಿ ಎಸೆದರೆ ಬ್ಯಾಟರ್‌ಗೆ ಸಿಗುವ ಉಚಿತ ಮೊದಲ ಬೇಸ್), ಒಂದು ಬಂಟ್ (ಬ್ಯಾಟ್‌ನಿಂದ ಮೆಲ್ಲನೆ ತಳ್ಳಿದ ಚೆಂಡು), ಮೂರನೇ ಬೇಸ್‌ಗೆ ಕದ್ದ ಓಟ, ಅದನ್ನು ತಡೆಯಲು ಕ್ಯಾಚರ್ ಎಸೆದ ಚೆಂಡು ದಿಕ್ಕು ತಪ್ಪಿದ್ದು, ಅಷ್ಟೇ. ಇಂಥ ಪಂದ್ಯದ ನಡುವೆ ಎದ್ದು ಕಾಫಿ ತರಲು ನನಗಂತೂ ಆಗದು.

ವಿರೋಧ

ಮಾರಿಸ್, ಕೂಫ್ಯಾಕ್ಸ್ ಅಂತ ಹೇಳಿದರೆ ಯಾರು ತಾನೇ ಬೇಡ ಅನ್ನುತ್ತಾರೆ? ಆದರೆ ಅವು ಆರಿಸಿ ತೆಗೆದ ಪಂದ್ಯಗಳು. ಕಡಿಮೆ ರನ್ ಅನ್ನುವುದೇ ರೋಚಕವಾಗಿದ್ದರೆ 1968 ಬೇಸ್‌ಬಾಲ್‌ನ ಹಬ್ಬವಾಗಬೇಕಿತ್ತು. ಆ ವರ್ಷ ಪಿಚರ್ ಬಾಬ್ ಗಿಬ್ಸನ್‌ನ ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ತನ್ನ ಎಸೆತದಲ್ಲಿ ಸರಾಸರಿ ಬಿಟ್ಟುಕೊಟ್ಟ ರನ್) ಬರೀ 1.12. ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ .301 ಸರಾಸರಿಗೇ, ಅಂದರೆ ಹತ್ತು ಸಲಕ್ಕೆ ಸುಮಾರು ಮೂರು ಹಿಟ್‌ಗೇ, ಬ್ಯಾಟಿಂಗ್ ಕಿರೀಟ ಸಿಕ್ಕಿತು. ಅದನ್ನು ನೋಡಿ ಲೀಗ್‌ನವರು ಏನು ಮಾಡಿದರು? 1969ಕ್ಕೆ ಪಿಚರ್ ನಿಂತು ಎಸೆಯುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಪಿಚರ್ ಗುರಿಯಿಡುವ ಸ್ಟ್ರೈಕ್ ಝೋನ್ ಕೂಡ ಚಿಕ್ಕದಾಯಿತು.

ನನಗೆ ಖುಷಿ ಕೊಡುವುದು ಮೈದಾನಕ್ಕೆ ಬಿದ್ದ ಚೆಂಡು. ಒಂಬತ್ತು ಜನ ಅದರ ಹಿಂದೆ ಓಡಬೇಕು. ಲಾನಿ ಸ್ಮಿತ್‌ನ ಕತೆಯೂ ಅದೇ ಅಲ್ವಾ? ಅದು ಬ್ಯಾಟ್‌ಗೆ ಸಿಕ್ಕ ಚೆಂಡಿನಿಂದ ಹುಟ್ಟಿದ ಕತೆ. ಸ್ಟ್ರೈಕ್‌ಔಟ್‌ನಲ್ಲಿ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್) ಪಿಚರ್, ಕ್ಯಾಚರ್ ಬಿಟ್ಟು ಉಳಿದ ಏಳು ಜನ ಸುಮ್ನೆ ನಿಂತಿರುತ್ತಾರೆ. ಗ್ಯಾಲರಿಯ ಮೇಲಿನ ಸಾಲಲ್ಲಿ ಕೂತವರಿಗೆ ಸ್ಲೈಡರ್ ಎಂಬ ತಿರುಗುವ ಎಸೆತ ಎಷ್ಟು ತಿರುಗಿತು ಅನ್ನುವುದೂ ಕಾಣದು. 2018ರಲ್ಲಂತೂ ಇಡೀ ಸೀಸನ್‌ನಲ್ಲಿ ಹಿಟ್‌ಗಳಿಗಿಂತ ಸ್ಟ್ರೈಕ್‌ಔಟ್‌ಗಳೇ ಜಾಸ್ತಿ ಆದವು.

ಇನ್ನು ಇಬ್ಬರು ಪಿಚರ್‌ಗಳ ಜಿದ್ದು ಈಗ ಎಲ್ಲಿದೆ? 1963ರಲ್ಲಿ 42 ವರ್ಷದ ವಾರೆನ್ ಸ್ಪಾನ್ ಮತ್ತು ಹ್ವಾನ್ ಮಾರಿಚಲ್ 16ನೇ ಇನಿಂಗ್ಸ್‌ವರೆಗೂ ಎದುರುಬದುರು ಎಸೆದರು. ವಿಲ್ಲಿ ಮೇಸ್‌ನ ಹೋಮ್ ರನ್‌ನಿಂದ 1-0 ಆಯಿತು. ಅದನ್ನು ಜಿದ್ದು ಅಂತ ನಾನೂ ಒಪ್ಪುತ್ತೇನೆ. 2022ರಲ್ಲಿ ಸಿಯಾಟಲ್‌ನಲ್ಲಿ ಆಸ್ಟ್ರೋಸ್ 1-0ರಲ್ಲಿ ಗೆದ್ದಿತು. 18 ಇನಿಂಗ್ಸ್, ಆರು ತಾಸಿಗೂ ಹೆಚ್ಚು ಹೊತ್ತು, ಪಿಚರ್‌ಗಳ ಮೆರವಣಿಗೆ. ಯಾರ ಮೇಲೆ ಮನಸ್ಸಿಡಬೇಕು?

2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಟ್ಯಾಂಪ ಬೇ ರೇಸ್‌ನ ಬ್ಲೇಕ್ ಸ್ನೆಲ್ ಒಂಬತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ 1-0 ಮುನ್ನಡೆ ಕಾಯುತ್ತಿದ್ದ. ಎಸೆದಿದ್ದು 73 ಚೆಂಡು ಮಾತ್ರ. ಆದರೂ ಆರನೇ ಇನಿಂಗ್ಸ್‌ನಲ್ಲಿ ಅವನನ್ನು ಹೊರಗೆ ಕರೆದರು. ಡಾಡ್ಜರ್ಸ್ ಅದೇ ಇನಿಂಗ್ಸ್‌ನಲ್ಲಿ ಎರಡು ರನ್ ಮಾಡಿತು, 3-1ಕ್ಕೆ ಗೆದ್ದು ಟ್ರೋಫಿ ಎತ್ತಿತು.