ಕಿವಿಯ ಮೇಲೊಂದು ದಾಸವಾಳ

ನಮ್ಮ ಪಕ್ಕದ ಮನೆಯಾಕೆಗೆ ಅರವತ್ತು ತುಂಬಿತು. ಕ್ಯಾಲಿಫೋರ್ನಿಯಾದಲ್ಲಿ ಅರವತ್ತಕ್ಕೆ ಶಾಂತಿ ಹೋಮ ಇಲ್ಲ, ಹಿತ್ತಲಲ್ಲಿ ಪಾರ್ಟಿ. ಕರೆಯುವಾಗಲೇ ಒಂದು ಷರತ್ತು ಹಾಕಿದರು: ಎಲ್ಲರೂ ಹಳೇ ಕಾಲದ ಟಿಕಿ ಉಡುಪಿನಲ್ಲಿ ಬರಬೇಕು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಟೀಕೆ ಪಾರ್ಟೀನಾ? ಟೀಕೆ ಮಾಡೋಕೆ ಅಲ್ಲಿ ಬೇರೆ ಪಾರ್ಟಿ ಇಟ್ಕೋತಾರಾ? ನಾವು ಮದುವೆಮನೆ ಪಂಕ್ತೀಲೇ ಮುಗಿಸ್ಕೋತೀವಪ್ಪ" ಅಂದಳು.

ಟೀಕೆ ಅಲ್ಲಮ್ಮ, ಟಿಕಿ. ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳಲ್ಲಿ ಮರದಲ್ಲೋ ಕಲ್ಲಲ್ಲೋ ಕೆತ್ತಿದ ಮೂರ್ತಿ. ನ್ಯೂಜಿಲೆಂಡಿನ ಮಾವೋರಿಗಳ ಕಥೆಗಳಲ್ಲಿ ಟಿಕಿ ಅಂದರೆ ಮೊದಲ ಮನುಷ್ಯ. ಪಾರ್ಟಿಯ ಟಿಕಿ ಮಾತ್ರ ಹುಟ್ಟಿದ್ದು ಬಾರಿನಲ್ಲಿ. 1930ರ ದಶಕದಲ್ಲಿ ಅರ್ನೆಸ್ಟ್ ಗ್ಯಾಂಟ್ ಎಂಬಾತ ಹಾಲಿವುಡ್ಡಿನಲ್ಲಿ ಬಿದಿರು, ಚಾಪೆ, ಮೀನುಬಲೆ ಎಲ್ಲಾ ತೂಗುಹಾಕಿ ಒಂದು ಬಾರ್ ತೆರೆದ. ಆಮೇಲೆ ತನ್ನ ಹೆಸರನ್ನೇ ಡಾನ್ ಬೀಚ್ ಎಂದು ಬದಲಾಯಿಸಿಕೊಂಡ. ನಮ್ಮೂರಿಗೆ ಹತ್ತಿರದ ಓಕ್‌ಲೆಂಡಿನಲ್ಲಿ ವಿಕ್ಟರ್ ಬರ್ಜೆರಾನ್ ಅದೇ ದಾರಿ ಹಿಡಿದ. ಎರಡನೇ ಮಹಾಯುದ್ಧ ಮುಗಿಸಿ ಪೆಸಿಫಿಕ್ಕಿನಿಂದ ವಾಪಸಾದ ಸೈನಿಕರು ದ್ವೀಪಗಳ ಕಥೆ ಹೊತ್ತು ತಂದರು. 1959ರಲ್ಲಿ ಹವಾಯಿ ಅಮೆರಿಕದ 50ನೇ ರಾಜ್ಯವಾಯಿತು. ಆಮೇಲೆ ಕೇಳಬೇಕಾ, ದೇಶಕ್ಕೆ ದೇಶವೇ ಹೂವಿನ ಅಂಗಿ ತೊಟ್ಟುಕೊಂಡಿತು.

ಬಿದಿರು, ಚಾಪೆ, ತೆಂಗಿನ ಚಿಪ್ಪು. ನಮ್ಮ ಅಜ್ಜಿಮನೆಯ ಕೊಟ್ಟಿಗೆಯಲ್ಲಿ ಇದ್ದದ್ದೂ ಇದೇ ಸಾಮಾನು. ಅಜ್ಜಿಗೆ ಅದಕ್ಕೆ ಟಿಕೆಟ್ ಇಡಬಹುದು ಅಂತ ಗೊತ್ತಿರಲಿಲ್ಲ ಅಷ್ಟೇ.

ಹಳೇ ಬಟ್ಟೆ ಅಂಗಡಿಗೆ ಹೋದೆ. ಮೊದಲು ಕಣ್ಣಿಗೆ ಬಿದ್ದದ್ದು ಸರೋಂಗ್ ಉಡುಪು. ಸರೋಂಗ್ ಅಂದರೆ ಮಲಯ ಜನ ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ, ಹೆಚ್ಚುಕಮ್ಮಿ ನಮ್ಮ ಲುಂಗಿ. ಅದನ್ನು ಹಾಲಿವುಡ್ ಎದೆಮಟ್ಟಕ್ಕೆ ಏರಿಸಿ, ಸೊಂಟದಲ್ಲಿ ನೆರಿಗೆ ಹಿಡಿದು, ಡೊರೊತಿ ಲಾಮೂರ್ ಎಂಬ ನಟಿಗೆ ಉಡಿಸಿತು. ಆಕೆ ಹುಟ್ಟಿದ್ದು ನ್ಯೂ ಆರ್ಲಿಯನ್ಸ್‌ನಲ್ಲಿ. ಮುಂದೆ ಹೊನೊಲುಲುವಿನ ಆಲ್‌ಫ್ರೆಡ್ ಶಾಹೀನ್, ಲೆಬನಾನ್ ಮೂಲದ ಮನೆತನದವರು, 1948ರಿಂದ ಅಲ್ಲೇ ಅಂಗಿ, ಉಡುಪು ಹೊಲಿಸತೊಡಗಿದರು. ಬಟ್ಟೆಗೆ ಅಚ್ಚನ್ನೂ ತಾವೇ ಹಾಕಿಸುತ್ತಿದ್ದರು. ಅವರ ಸರೋಂಗ್ ಉಡುಪುಗಳಿಗೆ ಇವತ್ತೂ ಹುಡುಕಾಟ. ಮಲಯದ ಲುಂಗಿ, ಹಾಲಿವುಡ್ಡಿನ ನೆರಿಗೆ, ಲೆಬನಾನಿನ ಕಸುಬು. ಇಷ್ಟೂ ಸೇರಿದರೆ ಹವಾಯಿ!

ಅಂಗಡಿಯ ಹುಡುಗಿ ಹಳೇದನ್ನು ಗುರುತಿಸುವುದು ಹೇಗೆಂದು ಹೇಳಿಕೊಟ್ಟಳು. ಜಿಪ್ ಲೋಹದ್ದಿದ್ದರೆ ಸಾಮಾನ್ಯವಾಗಿ ಅರವತ್ತರ ದಶಕದ ನಡುವಿಗಿಂತ ಹಿಂದಿನದು. ಪ್ಲಾಸ್ಟಿಕ್ಕಿನದಾದರೆ ಈಚೆಗಿನದು. ನನಗೆ ಸಿಕ್ಕಿದ್ದರಲ್ಲಿ ಲೋಹದ ಜಿಪ್ಪೇ ಇತ್ತು. ಅರ್ಧ ಬೆನ್ನಿನವರೆಗೆ ಏರಿತು. ಅಲ್ಲಿಂದ ಮೇಲೆ ನಾನು ಉಸಿರು ಬಿಗಿಹಿಡಿದರೂ ಏರಲಿಲ್ಲ. ಅರವತ್ತು ವರ್ಷದ ಜಿಪ್ಪಿನ ಜೊತೆ ಜಗಳ ಮಾಡಬಾರದು ಅಂತ ಬಿಟ್ಟೆ.

ಪಕ್ಕದಲ್ಲೇ ಒರಟು ಹತ್ತಿಯ ದಪ್ಪ ಬಟ್ಟೆ ನೇತಾಡುತ್ತಿತ್ತು. ಅದಕ್ಕೆ ಬಾರ್ಕ್‌ಕ್ಲಾತ್ ಎಂದು ಹೆಸರು. ಆ ಕಾಲದಲ್ಲಿ ಕಿಟಕಿ ಪರದೆಗೆ ಜಾಸ್ತಿ ಬಳಸುತ್ತಿದ್ದರಂತೆ, ಈಗ ಆ ಪರದೆಗಳನ್ನೇ ಬಿಚ್ಚಿ ಉಡುಪು ಹೊಲಿಯುವವರಿದ್ದಾರೆ. ಹೆಸರು ಬಂದದ್ದು ನಿಜವಾದ ತೊಗಟೆ ಬಟ್ಟೆಯಿಂದ. ಹವಾಯಿಯ ಹೆಂಗಸರು ಮರದ ಒಳತೊಗಟೆಯನ್ನು ನೆನೆಸಿ, ಬಡಿದು ಬಡಿದು ತೆಳ್ಳಗೆ ಮಾಡುತ್ತಿದ್ದ 'ಕಾಪಾ' ಅದು. ನಮ್ಮ ನಾರುಮಡಿ ಅನ್ನಿ. ಶ್ರೀರಾಮ ಕಾಡಿಗೆ ಹೋಗುವಾಗ ಉಟ್ಟದ್ದನ್ನು ನಾನು ಪಾರ್ಟಿಗೆ ಉಡುವುದಾ ಅನ್ನಿಸಿತು. ಬೆಲೆ ನೋಡಿದ ಮೇಲೆ ಆ ಧರ್ಮಸಂಕಟವೂ ತೀರಿತು.

ಕೊನೆಗೆ ನನ್ನನ್ನು ಕಾಪಾಡಿದ್ದು ಮುಮು. ಭುಜದಿಂದ ನೇರ ಕೆಳಗೆ ಇಳಿಯುವ, ಸೊಂಟದ ಸುದ್ದಿಗೇ ಹೋಗದ ಉಡುಪು. ಇದರ ಕಥೆ ಚೆನ್ನಾಗಿದೆ. 1820ರಲ್ಲಿ ಅಮೆರಿಕದ ಮಿಷನರಿಗಳು ಹವಾಯಿಗೆ ಹಡಗಿನಲ್ಲಿ ಬಂದಾಗ, ಕಲಾಕುವಾ ಎಂಬ ರಾಣಿ ಹಡಗು ಹತ್ತಿ, ಆ ಹೆಂಗಸರು ತೊಟ್ಟಿದ್ದಂಥ ಉಡುಪು ತನಗೂ ಬೇಕೆಂದಳು. ರಾಣಿ ಭಾರಿ ಆಳು. ಹಾಗಾಗಿ ಉಡುಪೂ ಸಡಿಲವಾಯಿತು, ಅದೇ 'ಹೊಲೊಕು'. ಅದರ ಒಳಗೆ ಹಾಕಿಕೊಳ್ಳುವ ಸಡಿಲ ಅಂಗಿಯೇ ಮುಮು. ಆ ಪದಕ್ಕೆ ಕತ್ತರಿಸಿ ಮೊಟಕು ಮಾಡಿದ್ದು ಎಂದು ಅರ್ಥ. ಒಳಗಿದ್ದದ್ದು ಕ್ರಮೇಣ ಹೊರಗೆ ಬಂತು, ಬಣ್ಣ ಬಳಿದುಕೊಂಡಿತು, ಹೂವು ಮುಡಿಯಿತು, ಪೇಟೆಗೆ ಹೊರಟಿತು.

ಈ ಕಥೆ ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ರಾತ್ರಿ ಮಲಗೋಕೆ ಅಂತ ಮನೆಯೊಳಗೆ ಬಂದ ನೈಟಿ, ಬೆಳಗ್ಗೆ ರಂಗೋಲಿ ಹಾಕೋಕೆ ಬಾಗಿಲಿಗೆ ಬಂತು. ಅಲ್ಲಿಂದ ತರಕಾರಿ ಗಾಡಿ, ಹಾಲಿನ ಬೂತ್, ಸ್ಕೂಲ್ ಬಸ್ ಸ್ಟಾಪು. ಹೆಗಲ ಮೇಲೊಂದು ಟವೆಲ್ ಬಿದ್ದರೆ ಸಾಕು, ಮರ್ಯಾದೆಗೆ ಮರ್ಯಾದೆ. ರಾಣಿ ಕಲಾಕುವಾ ನಮ್ಮ ಬೀದಿಯಲ್ಲಿದ್ದಿದ್ದರೆ ಅಮ್ಮನಿಗೂ ಅವಳಿಗೂ ಒಂದೇ ದರ್ಜಿ ಆಗುತ್ತಿದ್ದ.

ಕಡುನೀಲಿ ನೆಲ, ಅದರ ಮೇಲೆ ಅಂಗೈಯಗಲದ ಕೆಂಪು ದಾಸವಾಳ. ಅಚ್ಚು ಇಷ್ಟು ದೊಡ್ಡದಿದ್ದಾಗ ಉಳಿದದ್ದು ಸುಮ್ನೆ ಇರಬೇಕು. ಬಿದಿರು ಹಿಡಿಯ ಬ್ಯಾಗು, ಕಾರ್ಕಿನ ಹಿಮ್ಮಡಿಯ ಚಪ್ಪಲಿ, ಕೆಂಪು ಲಿಪ್‌ಸ್ಟಿಕ್. ಹಣೆಯ ಮೇಲೆ ಕೂದಲನ್ನು ಸುರುಳಿ ಸುತ್ತಿ ಪಿನ್ ಹಾಕಿದೆ. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲು ಎಷ್ಟು ವಿಧೇಯ! ಟಿಕಿ ಮುಖದ ಓಲೆಯೂ ಸಿಕ್ಕಿತ್ತು. ಕೈಗೆತ್ತಿಕೊಂಡು ವಾಪಸ್ ಇಟ್ಟೆ. ಯಾರದೋ ದೇವರು, ಯಾರದೋ ಹಿರೀಕರು. ಗಣಪತಿಯನ್ನು ಚಪ್ಪಲಿ ಮೇಲೆ ಅಚ್ಚು ಹಾಕಿದರೆ ನಾವು ಸುಮ್ಮನಿರುತ್ತೇವಾ?

ಇನ್ನು ಕೊರಳಿಗೆ ಹಾರ. ಹವಾಯಿಯಲ್ಲಿ ಹಾರಕ್ಕೆ 'ಲೇ' ಅಂತಾರೆ. ದೇವಗಣಗಿಲೆ ಹೂವನ್ನು ಸೂಜಿಯಲ್ಲಿ ಪೋಣಿಸಿದ್ದು. ನಮ್ಮ ಯಜಮಾನರಿಗೆ ಇದು ತಿಳಿದದ್ದೇ ತಡ, ದಿನವಿಡೀ "ಲೇ, ನಿನ್ನ ಲೇ ಎಲ್ಲೇ?" ಇಪ್ಪತ್ತು ವರ್ಷದಿಂದ ಬಾಯಿ ಮುಚ್ಚಿಸಿದ್ದ ಪದಕ್ಕೆ ಪರವಾನಗಿ ಸಿಕ್ಕಿಬಿಟ್ಟಿತ್ತು.

ಕಿವಿಯ ಮೇಲಿನ ಹೂವಿನಲ್ಲಿ ಎಡವಿದೆ. ಮದುವೆಯಾಗದವರು ಬಲಗಿವಿಗೆ, ಆದವರು ಎಡಗಿವಿಗೆ. ಇದು ಅಲ್ಲಿಯ ರೂಢಿ. ಹಿತ್ತಲ ದಾಸವಾಳವನ್ನು ಬೆಳಗ್ಗೆಯೇ ಕಿತ್ತು ಫ್ರಿಜ್ಜಿನಲ್ಲಿಟ್ಟಿದ್ದೆ. ಹಾಗೆ ಇಟ್ಟರೆ ಸಂಜೆಗೂ ಮುದುಡುವುದಿಲ್ಲ. ಪಕ್ಕದ ಮನೆಯಾಕೆಯ ಫೋಟೊ ನೋಡಿಕೊಂಡು, ಕನ್ನಡಿ ಮುಂದೆ ನಿಂತು ಮುಡಿದೆ. ಕನ್ನಡಿ ತನ್ನ ಕೆಲಸ ಮಾಡಿತು. ಪಾರ್ಟಿಯಲ್ಲಿ ಹೊನೊಲುಲುವಿನ ಅಜ್ಜಿಯೊಬ್ಬರು ನನ್ನನ್ನೂ ಪಕ್ಕದಲ್ಲಿದ್ದ ಯಜಮಾನರನ್ನೂ ಒಮ್ಮೆ ನೋಡಿದರು. ಏನೂ ಹೇಳದೆ ಹೂವು ತೆಗೆದು ಈ ಕಿವಿಯಿಂದ ಆ ಕಿವಿಗೆ ಇಟ್ಟರು.

ಮನೆಗೆ ಬಂದವಳೇ ಅಮ್ಮನಿಗೆ ಫೋಟೊ ಕಳಿಸಿದೆ. ಉತ್ತರಕ್ಕೆ ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ.

"ಚೆನ್ನಾಗಿದೀಯ. ಮೇಲೊಂದು ಟವೆಲ್ ಹಾಕ್ಕೋಬಾರದಿತ್ತಾ?"