ಮೂಲಂಗಿ ಹುಳಿಯ ಮೇಲೆ ಬಂದ ಅಪವಾದ

ಕೊಳೆತ ಮೊಟ್ಟೆಯ ವಾಸನೆ ಹೇಗಿರುತ್ತದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತಲೆತಲಾಂತರದಿಂದ ನಮ್ಮ ಅಡುಗೆಮನೆಗೆ ಮೊಟ್ಟೆ ಬಂದಿಲ್ಲ. ಅಧಿಕೃತವಾಗಿ ಬಂದಿಲ್ಲ ಅಂತಿಟ್ಟುಕೊಳ್ಳಿ. ಹಾಗಾಗಿ ಭಾವನ ಕಾರಿನಲ್ಲಿ ಆ ವಾಸನೆ ಬಂದಾಗ ನಮಗೆ ನೆನಪಾಗಿದ್ದು ಮೂಲಂಗಿ.

ಕೆಂಗೇರಿಯಲ್ಲಿ ನೆಂಟರ ಗೃಹಪ್ರವೇಶ. ಭಾವನ ಪಕ್ಕ ಅಕ್ಕ, ಹಿಂದೆ ಚಿಕ್ಕಪ್ಪ, ಚಿಕ್ಕಮ್ಮ, ನಾನು. ಮೈಸೂರು ರಸ್ತೆಗೆ ಬಂದಿದ್ದೇ ತಡ, ವಾಸನೆ ಶುರುವಾಯಿತು. ರೇಷ್ಮೆ ಸೀರೆಯ ಸೆರಗು ಮೂಗಿಗೆ ಹೋಯಿತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಮ್ಮ, ‘ರೀ, ನಿನ್ನೆ ರಾತ್ರಿನೇ ಬಡ್ಕೊಂಡೆ, ಮೂಲಂಗಿ ಹುಳಿ ಮೂರನೇ ಸಲ ಹಾಕ್ಕೋಬೇಡಿ ಅಂತ’ ಅಂದರು.

ಚಿಕ್ಕಪ್ಪ ನಿವೃತ್ತ ಮೇಷ್ಟ್ರು. ‘ನಾನಲ್ಲ’ ಅಂತ ಗಟ್ಟಿಯಾಗಿ ಹೇಳಿದರು. ಇಂಥ ವಿಷಯದಲ್ಲಿ ಗಟ್ಟಿಯಾಗಿ ಹೇಳಿದಷ್ಟೂ ಅನುಮಾನ ಜಾಸ್ತಿ, ಅಲ್ವಾ?

‘ಅಯ್ಯೋ, ಅದು ವೃಷಭಾವತಿ’ ಅಂತ ಭಾವ ರಾಜಿ ಮಾಡಿಸಿದರು. ಒಪ್ಪುವಂಥ ಮಾತೇ. ರಸ್ತೆಯ ಪಕ್ಕದಲ್ಲೇ ಹರಿಯುವ ಆ ಹೊಳೆ ಈಗ ದೊಡ್ಡ ಮೋರಿ. ಆದರೆ ಹೊಸ ಬಡಾವಣೆಯೊಳಗೆ ಹೋಗಿ, ಬಾಳೆಕಂಬ ಕಟ್ಟಿದ ಮನೆ ಮುಂದೆ ಕಾರು ನಿಲ್ಲಿಸಿದಾಗ, ವೃಷಭಾವತಿಯೂ ನಮ್ಮ ಜೊತೆ ಊಟಕ್ಕೆ ಬಂದಿದ್ದಳು. ಸ್ವಾಗತಕ್ಕೆ ನಿಂತ ಹುಡುಗಿ ಪನ್ನೀರನ್ನು ನಮ್ಮ ಮೇಲೆ ಸ್ವಲ್ಪ ಧಾರಾಳವಾಗಿಯೇ ಚಿಮುಕಿಸಿದಳು.

ಇಲ್ಲಿ ಮೂಗನ್ನು ಬೈಯುವ ಹಾಗಿಲ್ಲ. ಕೊಳೆತ ಮೊಟ್ಟೆ, ಕೊಳಚೆ ನೀರು, ಕಾರಿನ ಹೊಗೆ ಶುದ್ಧ ಮಾಡುವ, ಆದರೆ ಹದ ತಪ್ಪಿದ ಕ್ಯಾಟಲಿಟಿಕ್ ಕನ್ವರ್ಟರ್, ಮೂರರಿಂದಲೂ ಬರುವುದು ಒಂದೇ ಅನಿಲ, ಹೈಡ್ರೋಜನ್ ಸಲ್ಫೈಡ್. ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಬಂದಿದ್ದು ಎಲ್ಲಿಂದ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಜೊತೆಗೆ ಅದೇ ವಾಸನೆಯಲ್ಲಿ ಇದ್ದರೆ ಮೂಗು ಒಗ್ಗಿಹೋಗುತ್ತದೆ. ದಿನಾ ಕಾರು ಓಡಿಸುವ ಭಾವನಿಗೆ ಅಷ್ಟು ದಿನ ಏನೂ ಅನಿಸದೇ ಇದ್ದದ್ದು ಅದಕ್ಕೇ.

ಮೆಕ್ಯಾನಿಕ್ ಬಂದವನು ಮೊದಲು ಬ್ಯಾಟರಿ ನೋಡಿದ. ಚಾರ್ಜ್ ಅತಿಯಾದರೆ ಅದೂ ಇದೇ ವಾಸನೆ ಬಿಡುತ್ತದಂತೆ. ಬ್ಯಾಟರಿ ಸರಿಯಿತ್ತು. ಸ್ಕ್ಯಾನರ್ ಹಾಕಿದ. ‘ಗಾಡಿ ಪೆಟ್ರೋಲ್ ಜಾಸ್ತಿ ಕುಡೀತಿದೆ ಸಾರ್. ಆಕ್ಸಿಜನ್ ಸೆನ್ಸರ್ ಹೋಗಿದೆ. ಎಂಜಿನ್ ಲೈಟ್ ಉರೀತಿರ್ಲಿಲ್ವಾ?’

ಉರೀತಿತ್ತು. ‘ಅದು ಸುಮ್ನೆ ಉರಿಯತ್ತೆ, ಸೆನ್ಸರ್ ಪ್ರಾಬ್ಲಮ್ ಅಷ್ಟೇ’ ಅಂತ ಭಾವ ತಿಂಗಳುಗಟ್ಟಲೆ ಹೇಳುತ್ತಿದ್ದರು. ರೋಗ ಸರಿಯಾಗಿ ಹೇಳಿ ಔಷಧಿ ಕೊಡದ ಡಾಕ್ಟರು ನಮ್ಮ ಭಾವ.

ಎಂಜಿನ್ನಿಂದ ಬರುವ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಆ ಸೆನ್ಸರ್ ಹೇಳಬೇಕು. ಕೆಟ್ಟರೆ ಕೆಲವೊಮ್ಮೆ ‘ಪೆಟ್ರೋಲ್ ಸಾಲದು’ ಅಂತ ಸುಳ್ಳು ಹೇಳುತ್ತದೆ. ಕಾರಿನ ಕಂಪ್ಯೂಟರ್ ನಂಬಿ ಇನ್ನಷ್ಟು ಸುರಿಯುತ್ತದೆ. ಪೆಟ್ರೋಲಿನಲ್ಲಿ ಗಂಧಕ ಚೂರುಪಾರು ಇದ್ದೇ ಇರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಅನ್ನುವ ಮಾಲಿನ್ಯ ನಿಯಮ ಬಂದ ಮೇಲೆ ಹತ್ತು ಲಕ್ಷಕ್ಕೆ 50 ಪಾಲು ಇದ್ದದ್ದು 10ಕ್ಕೆ ಇಳಿದಿದೆ, ಆದರೂ ಇದೆ. ಕನ್ವರ್ಟರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ಗಂಧಕ ಸಲ್ಫರ್ ಡೈಆಕ್ಸೈಡ್ ಆಗಿ ಸದ್ದಿಲ್ಲದೆ ಹೋಗುತ್ತದೆ. ಇಲ್ಲದಿದ್ದರೆ ಹೈಡ್ರೋಜನ್ ಜೊತೆ ಸೇರಿ ಚಿಕ್ಕಪ್ಪನ ಮಾನ ಕಳೆಯುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡರೂ, ಇಂಧನದ ಒತ್ತಡ ಮಿತಿ ಮೀರಿದರೂ ಇದೇ ಕಥೆ ಆಗಬಹುದು. ಹಾಗೇ ಬಿಟ್ಟರೆ ಉರಿಯದ ಪೆಟ್ರೋಲ್ ಕನ್ವರ್ಟರಿಗೇ ಹೋಗಿ ಅಲ್ಲಿ ಉರಿದು, ಒಳಗಿನ ಜೇನುಗೂಡಿನಂಥ ಪಿಂಗಾಣಿಯೇ ಕರಗಿಬಿಡಬಹುದು.

‘ಅದು ಹೋದ್ರೆ ದುಬಾರಿ ಸಾರ್. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಲ್ಲಾ ಇರತ್ತೆ’ ಅಂದ ಮೆಕ್ಯಾನಿಕ್.

ಅಷ್ಟು ಹೊತ್ತೂ ಸುಮ್ಮನಿದ್ದ ಚಿಕ್ಕಮ್ಮ ಕಿವಿ ನಿಮಿರಿಸಿದರು. ‘ಪ್ಲಾಟಿನಮ್ಮಾ? ಸೈಲೆನ್ಸರ್ ಪೈಪಲ್ಲಾ? ನನ್ನ ಬಳೆ ನೋಡಿ, ಚಿನ್ನ ಅಂತೂ ಅಲ್ಲ, ಬರೀ ಲೇಪ’ ಅಂತ ಚಿಕ್ಕಪ್ಪನ ಕಡೆ ತಿರುಗಿದರು. ಅಲ್ಲಿಗೆ ಮೂಲಂಗಿಯ ಕ್ಷಮಾಪಣೆ ಕೇಳುವ ಅವಕಾಶವೂ ಹೋಯಿತು.

ಸದ್ಯ, ಕನ್ವರ್ಟರ್ ಉಳಿದುಕೊಂಡಿತ್ತು. ಜೆ.ಸಿ. ರಸ್ತೆಯಿಂದ ಹೊಸ ಸೆನ್ಸರ್ ಬಂತು, ಏರ್ ಫಿಲ್ಟರ್ ಬದಲಾಯಿತು, ವಾಸನೆ ನಿಂತಿತು. ಭಾವನ ಪಾಠ ಮಾತ್ರ ಶುರುವಾಯಿತು. ಮೊನ್ನೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ತಲೆ ಹೊರಗೆ ಹಾಕಿ, ಜೋರಾಗಿ ಉಸಿರೆಳೆದು, ಮುಂದಿನ ಗಾಡಿ ತೋರಿಸಿ, ‘ನೋಡಿ, ರಿಚ್ ಓಡ್ತಿದೆ, ಅಂದ್ರೆ ಪೆಟ್ರೋಲ್ ಜಾಸ್ತಿ ಕುಡೀತಿದೆ. ಸೆನ್ಸರ್ರೇ ಹೋಗಿರೋದು’ ಅಂದರು.

‘ಅಳಿಯಂದ್ರೇ’ ಅಂದರು ಚಿಕ್ಕಮ್ಮ, ‘ಅದು ಕಸದ ಲಾರಿ. ಹಸಿರು ಬಿತ್ತು, ಹೊರಡಿ.’