ಪರ-ವಿರೋಧ: ಹೊಸ ಕಟ್ಟೆಗೆ ಮಣ್ಣಿನ ಏರಿಯೇ ಸಾಕಾ?

ಪರ: ಮಣ್ಣಿನಷ್ಟು ಹೊಂದಿಕೊಳ್ಳುವುದು ಬೇರೆ ಯಾವುದಿದೆ?

ನಮ್ಮ ತಾತ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಏರಿ ಮೇಲೆ ಗಿಡ ಬೇರು ಬಿಡದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ. ಹಾಗಾಗಿ ಕಟ್ಟೆ ಅಂದ ಕೂಡಲೇ ಕಾಂಕ್ರೀಟ್ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕಾಂಕ್ರೀಟ್ ಗೋಡೆ ನಿಲ್ಲುವುದು ತನ್ನ ತೂಕದಿಂದ. 10 ಮೀಟರ್ ಆಳದ ನೀರು ಗೋಡೆಯ ಒಂದೊಂದು ಮೀಟರ್ ಉದ್ದವನ್ನೂ ಸುಮಾರು 50 ಟನ್ ಬಲದಿಂದ ನೂಕುತ್ತದೆ. ಆಳ ಎರಡರಷ್ಟಾದರೆ ಈ ನೂಕು ನಾಲ್ಕರಷ್ಟು. ಅದು ಸಾಲದು ಅಂತ ತಳದಲ್ಲಿ ನುಸುಳಿದ ನೀರು ಗೋಡೆಯನ್ನೇ ಮೇಲಕ್ಕೆ ಎತ್ತಲು ನೋಡುತ್ತದೆ. ಅಡಿಯಲ್ಲಿ ಗಟ್ಟಿ ಬಂಡೆ ಇಲ್ಲದಿದ್ದರೆ ಕಥೆ ಮುಗಿಯಿತು. ಕ್ಯಾಲಿಫೋರ್ನಿಯಾದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಕಾಂಕ್ರೀಟಿನದೇ. ಬುಡ ಕೈಕೊಟ್ಟು 1928ರ ಮಾರ್ಚಿನಲ್ಲಿ ನಡುರಾತ್ರಿ ಒಡೆದುಹೋಯಿತು.

ಮಣ್ಣಿಗೆ ಆ ಹಟ ಇಲ್ಲ. ಅಗಲವಾಗಿ ಕೂರುತ್ತದೆ. ನೆಲ ಸ್ವಲ್ಪ ಕುಸಿದರೆ ತಾನೂ ಜೊತೆಗೆ ಕುಸಿದು ಹೊಂದಿಕೊಳ್ಳುತ್ತದೆ. ನಡುವೆ ಜೇಡಿಮಣ್ಣು, ಎರಡೂ ಮಗ್ಗುಲಿಗೆ ಗರಸು, ನೀರಿನ ಕಡೆಗೆ ಕಲ್ಲು ಹೊದಿಕೆ. ಎಲ್ಲಾ ಸುತ್ತಮುತ್ತಲೇ ಸಿಗುತ್ತದೆ. ತೇವ ಮಾತ್ರ ಹದವಾಗಿರಬೇಕು: ಹಿಡಿಯಲ್ಲಿ ಒತ್ತಿದರೆ ಉಂಡೆ ಆಗಬೇಕು, ಕೈಗೆ ಅಂಟಬಾರದು. ಹಾಗೆ ಪದರ ಪದರವಾಗಿ ಹಾಕಿ ಗಟ್ಟಿಸಬೇಕು.

ಏರಿ ಜಿನುಗುತ್ತದಲ್ವಾ ಅಂತಾರೆ. ಜಿನುಗುತ್ತದೆ, ಅದಕ್ಕೇನೀಗ? 2021ರ ನವೆಂಬರ್ ಮಳೆಗೆ ಚಿಕ್ಕಬಳ್ಳಾಪುರದ ಹತ್ತಿರ ನಮ್ಮೂರ ಕೆರೆ ಎಷ್ಟೋ ವರ್ಷದ ಮೇಲೆ ಕೋಡಿ ಬಿತ್ತು. ಎಲ್ಲರೂ ಕೋಡಿ ನೋಡಲು ಓಡಿದರೆ ತಾತ ಏರಿಯ ಬುಡಕ್ಕೆ ಇಳಿದರು. ಅಲ್ಲಿ ಒಂದು ಕಡೆ ಕೆಂಪು ನೀರು ಗುಳುಗುಳು ಉಕ್ಕುತ್ತಿತ್ತು. ಕೆಂಪು ಅಂದರೆ ನೀರಿನ ಜೊತೆ ಏರಿಯ ಮಣ್ಣೂ ಹೊರಟಿದೆ ಅಂತ. ಹುಡುಗರು ಜೇಡಿ ಸುರಿದು ಮುಚ್ಚಲು ಹೋದರು. ತಾತ ಕೋಲು ಅಡ್ಡ ಹಿಡಿದು, “ನೀರು ಬಿಡ್ರೋ, ಮಣ್ಣು ಹಿಡೀರಿ!” ಅಂತ ಕೂಗಿದರು. ಮೊದಲು ಮರಳು, ಅದರ ಮೇಲೆ ಜಲ್ಲಿ, ಆಮೇಲೆ ದಪ್ಪ ಕಲ್ಲು ಹಾಕಿಸಿದರು. ರಾತ್ರಿಯೆಲ್ಲಾ ಬ್ಯಾಟರಿ ಹಿಡಿದು ಕೂತೆವು. ಬೆಳಗಿನ ಜಾವಕ್ಕೆ ತಿಳಿನೀರು ಬರತೊಡಗಿತು. ಇಂಜಿನಿಯರುಗಳು ಫಿಲ್ಟರ್ ಅನ್ನುವುದು ಇದನ್ನೇ.

ಏರಿ ಮೇಲೇ ನೀರು ಹತ್ತಿದರೆ ಅಂತ ಕೇಳುವವರು ಮೊದಲು ಕೋಡಿ ಹಳ್ಳ ಒತ್ತುವರಿ ಮಾಡಿದವರನ್ನು ಕೇಳಲಿ.

ವಿರೋಧ: ನೀರು ಕೇಳಿ ಹತ್ತುವುದಿಲ್ಲ

ಈ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ. ಸಿವಿಲ್ ಓದಿದವನು ಅಂತ ನನ್ನ ತಲೆಗೆ ಕಟ್ಟಿದರು. ಬಂಗಾರಪೇಟೆ ಕಡೆಯವನು ನಾನು, ಈಜು ಕಲಿತದ್ದು ಮಣ್ಣಿನ ಏರಿಯ ಕೆರೆಯಲ್ಲೇ. ಆದರೂ ಒಂದು ಮಾತಿದೆ.

ಮಣ್ಣಿನ ಏರಿ ಮೇಲೆ ನೀರು ಹರಿಯಲೇಬಾರದು. ಹರಿದರೆ ಹಿಂಭಾಗ ಕೊಚ್ಚುತ್ತಾ ಕೊಚ್ಚುತ್ತಾ ಏರಿಯೇ ಹೋಗುತ್ತದೆ. ಕಾಂಕ್ರೀಟ್ ಗೋಡೆಯಲ್ಲಾದರೆ ನೀರು ತಲೆ ಮೇಲೆ ಹರಿಯಲೆಂದೇ ಜಾಗ ಮಾಡಬಹುದು. ಗುಜರಾತಿನ ಮಚ್ಚು-2 ಅಣೆಕಟ್ಟಿನಲ್ಲಿ 1979ರ ಆಗಸ್ಟ್ 11ರಂದು ಮಣ್ಣಿನ ಏರಿ ಮೇಲೇ ನೀರು ಹತ್ತಿತು. ನಡುವಿನ ಕಟ್ಟಡ ನಿಂತಿತು, ಎರಡೂ ಕಡೆಯ ಮಣ್ಣು ಹೋಯಿತು, ಮೊರ್ಬಿ ಊರು ಮುಳುಗಿತು. ನಮ್ಮ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲೂ ಎರಡೂ ಕಡೆ ಉದ್ದಕ್ಕೆ ಮಣ್ಣಿನ ಏರಿ ಇದೆ. ಆದರೆ ಹೆಚ್ಚಾದ ನೀರನ್ನು ಹೊರಗೆ ಹಾಕುವ ಸೈಫನ್ ಇರುವುದು ಕಲ್ಲುಕಟ್ಟಡದಲ್ಲಿ.

ಬಂಡೆ ಬೇಕು ಅಂತಾರೆ. ಕೋಲಾರದಲ್ಲಿ ಬರ ಇರುವುದು ನೀರಿಗೆ, ಬಂಡೆಗಲ್ಲ. ದುಡ್ಡು ಜಾಸ್ತಿ ಆಗುತ್ತದೆ, ಅದು ಒಪ್ಪಿದೆ.

ಮಣ್ಣಿನ ಕಡೆಯವರು ತಾತನ ಕಥೆ ಹೇಳುತ್ತಾರೆ. ಹೇಳಲಿ. ಟೆಂಡರಿನಲ್ಲಿ ಕೆರೆಗೊಬ್ಬ ತಾತ ಅಂತ ಬರೆಯಲು ಬರುತ್ತದಾ? ನಮ್ಮೂರ ಏರಿ ಮೇಲೆ ಜಾಲಿ ಆಳೆತ್ತರ ಬೆಳೆದಿದೆ. ಬೇರು ಕೊಳೆತರೆ ಅದೇ ನೀರಿಗೆ ದಾರಿ. ಹೋದ ತಿಂಗಳು ಅಲ್ಲೊಂದು ಹೆಗ್ಗಣದ ಬಿಲ ಕಂಡು ಸುಮ್ನೆ ಕೋಲು ಹಾಕಿ ನೋಡಿದೆ. ನಾಲ್ಕು ಅಡಿ ಕೋಲು ಪೂರ್ತಿ ಒಳಗೆ ಹೋಯಿತು, ತುದಿಗೆ ಏನೂ ತಗುಲಲಿಲ್ಲ.